ಬಳಕೆ ಕಡಿಮೆಯೆಂದು ಫಂಕ್ಷನ್‌ಗಳನ್ನು ಕಿತ್ತುಹಾಕುವ ಮುನ್ನ

ನಿಮ್ಮ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸಿದ್ಧ ಫಂಕ್ಷನ್‌ಗಳ ಸಂಗ್ರಹವಾದ ಸ್ಟ್ಯಾಂಡರ್ಡ್ ಲೈಬ್ರರಿಯಿಂದ 31 ಫಂಕ್ಷನ್‌ಗಳನ್ನು ಮುಂದಿನ ರಿಲೀಸ್‌ನಲ್ಲೇ ತೆಗೆದುಹಾಕುವುದಾಗಿಯೂ, ಸಾರ್ವಜನಿಕ ರೆಪೊಗಳಲ್ಲಿ (ಕೋಡ್ ಸಂಗ್ರಹಗಳಲ್ಲಿ) ಹುಡುಕಿದಾಗ ಇವು ತಲಾ ಐದಕ್ಕಿಂತ ಕಡಿಮೆ ಕಡೆ ಸಿಕ್ಕಿದ್ದೇ ಅದಕ್ಕೆ ಆಧಾರವೆಂದೂ, ಬೇಕಾದವರು ಹಳೆಯ ಸೋರ್ಸ್‌ನಿಂದ ನಕಲು ಮಾಡಿಕೊಳ್ಳಬಹುದೆಂದೂ ಬರೆದಿದ್ದೀರಿ. ಪಟ್ಟಿಯನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇದೇ ಆಧಾರದ ಮೇಲೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ನಾನೂ ಒಮ್ಮೆ ಪ್ರಕಟಣೆ ಹೊರಡಿಸಿದ್ದೆ. ಅದರ ಫಲವನ್ನು ಬೇರೆಯವರು ಉಂಡರು.

ನಾನಾಗ ನೋಡಿಕೊಳ್ಳುತ್ತಿದ್ದುದು ಲೆಕ್ಕಪತ್ರದ ಕೆಲಸಗಳಿಗೆ ಬಳಕೆಯಾಗುತ್ತಿದ್ದ ಒಂದು ಸಣ್ಣ ಸ್ಕ್ರಿಪ್ಟಿಂಗ್ ಭಾಷೆಯ ಲೈಬ್ರರಿ. ಅದರಲ್ಲಿ, ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ರೌಂಡ್ ಮಾಡುವ ಫಂಕ್ಷನ್ ಒಂದಿತ್ತು: 0.5ಕ್ಕೆ 0, 1.5ಕ್ಕೆ 2, 2.5ಕ್ಕೂ 2. ಸಿಕ್ಕ ಎಲ್ಲ ರೆಪೊಗಳನ್ನೂ ಜಾಲಾಡಿದಾಗ ಎರಡೇ ಕಡೆ ಅದರ ಹೆಸರು ಕಂಡಿತು, ಅವೆರಡೂ ಟೆಸ್ಟ್ ಫೈಲ್‌ಗಳೇ ಆಗಿದ್ದವು. ಯಾರಿಗೂ ಬೇಡವೆಂದು ತೀರ್ಮಾನಿಸಿ ತೆಗೆದುಬಿಟ್ಟೆ. ಮೊದಲ ಕೆಲವು ತಿಂಗಳು ಒಂದು ದೂರೂ ಬರಲಿಲ್ಲ, ಆ ಮೌನವನ್ನೇ ನಾನು ಒಪ್ಪಿಗೆಯೆಂದು ತಿಳಿದೆ. ಆ ಫಂಕ್ಷನ್‌ನ ನಿಜವಾದ ಬಳಕೆದಾರರು ವರ್ಷಾಂತ್ಯದ ಲೆಕ್ಕ ಮುಗಿಸುವ ಸ್ಕ್ರಿಪ್ಟ್‌ಗಳಲ್ಲಿದ್ದರು. ಅವು ವರ್ಷಕ್ಕೊಮ್ಮೆ ಮಾತ್ರ ಓಡುತ್ತಿದ್ದವು, ಯಾವ ಸಾರ್ವಜನಿಕ ರೆಪೊದಲ್ಲೂ ಇರಲಿಲ್ಲ, ಹಲವನ್ನು ಬರೆದವರು ಆ ಕೆಲಸವನ್ನೇ ಬಿಟ್ಟು ಹೋಗಿದ್ದರು.

ಸ್ಕ್ರಿಪ್ಟ್ ನಿಂತುಹೋಗಿದ್ದರೆ ನಷ್ಟ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನನ್ನ ರಿಲೀಸ್ ಟಿಪ್ಪಣಿಯಲ್ಲಿ ‘ಸಾಮಾನ್ಯ ರೌಂಡ್ ಬಳಸಿ, ಅಥವಾ 0.5 ಕೂಡಿಸಿ ಕೆಳಗಿನ ಪೂರ್ಣಾಂಕ ತೆಗೆದುಕೊಳ್ಳಿ’ ಎಂದು ನಾನೇ ಸಲಹೆ ಕೊಟ್ಟಿದ್ದೆ. ಅದನ್ನು ನಂಬಿ ಬದಲಾಯಿಸಿಕೊಂಡವರ ಸ್ಕ್ರಿಪ್ಟ್ ಯಾವ ಎರರ್ ಕೂಡ ಕೊಡದೆ ತಪ್ಪು ಮೊತ್ತವನ್ನು ಬರೆಯಿತು. ಆ ಸೂತ್ರಕ್ಕೆ 2.5 ಕೊಟ್ಟರೆ 3, ಋಣ 2.5 ಕೊಟ್ಟರೆ ಋಣ 2 ಬರುತ್ತದೆ; ಒಂದಕ್ಕೊಂದು ವಜಾ ಆಗಿ ಸೊನ್ನೆಯಾಗಬೇಕಿದ್ದ ಜಮೆ ಮತ್ತು ಖರ್ಚುಗಳು 1ರಷ್ಟು ಉಳಿಯುತ್ತವೆ. ಇನ್ನೂ ಸೂಕ್ಷ್ಮವಾದದ್ದೆಂದರೆ, ಡಬಲ್ ನಿಖರತೆಯಲ್ಲಿ (ದಶಮಾಂಶ ಸಂಖ್ಯೆಗಳನ್ನು 64 ಬಿಟ್‌ಗಳಲ್ಲಿ ಇಡುವ ಕ್ರಮದಲ್ಲಿ) 0.49999999999999994ಕ್ಕೆ 0.5 ಕೂಡಿಸಿದರೆ ಮೊತ್ತವೇ 1ಕ್ಕೆ ಏರಿಬಿಡುತ್ತದೆ. ಜಾವಾದಂಥ ಭಾಷೆಯ ಮ್ಯಾಥ್.ರೌಂಡ್ ಕೂಡ ಜಾವಾ 6ರಲ್ಲಿ ಈ ಸಂಖ್ಯೆಗೆ 1 ಎಂದೇ ಉತ್ತರಿಸುತ್ತಿತ್ತು, ಜಾವಾ 7ರಲ್ಲಿ ಅದನ್ನು ಸರಿಪಡಿಸಿದರು. ಲೈಬ್ರರಿ ಬರೆಯುವವರೇ ಎಡವುವ ಜಾಗದಲ್ಲಿ, ಲೆಕ್ಕ ಬರೆಯುವವರು ತಾವೇ ಸೂತ್ರ ಕಟ್ಟಿಕೊಳ್ಳಲಿ ಎಂದು ಕೈಬಿಟ್ಟದ್ದು ನನ್ನ ತಪ್ಪು.

ಈಗ ನಿಮ್ಮ ಪಟ್ಟಿಯನ್ನು ಈ ದೃಷ್ಟಿಯಿಂದ ನೋಡಿ. ಅದರಲ್ಲಿ ಹೈಪಾಟ್ ಇದೆ, 1 ಕೂಡಿಸಿದ ಸಂಖ್ಯೆಯ ಲಾಗರಿದಮ್ ಕೊಡುವ ಲಾಗ್‌1ಪಿ ಇದೆ. ಹೈಪಾಟ್ ಎಂದರೆ ಎರಡು ವರ್ಗಗಳ ಮೊತ್ತದ ವರ್ಗಮೂಲ ತಾನೇ, ಒಂದು ಸಾಲಿನ ಕೆಲಸ ಎಂದು ನೀವು ಬರೆದಿದ್ದೀರಿ. 3 ಗುಣಿಸು 10ರ 200ನೇ ಘಾತ ಮತ್ತು 4 ಗುಣಿಸು 10ರ 200ನೇ ಘಾತ, ಈ ಎರಡು ಸಂಖ್ಯೆಗಳನ್ನು ನಿಮ್ಮ ಒಂದು ಸಾಲಿಗೆ ಕೊಟ್ಟು ನೋಡಿ. ಡಬಲ್‌ನಲ್ಲಿ ಹಿಡಿಸುವ ಅತಿದೊಡ್ಡ ಸಂಖ್ಯೆ ಸುಮಾರು 1.8 ಗುಣಿಸು 10ರ 308ನೇ ಘಾತವಾದ್ದರಿಂದ ವರ್ಗ ಮಾಡಿದ ಕೂಡಲೇ ಅನಂತಕ್ಕೆ ಜಿಗಿಯುತ್ತದೆ. ಸರಿಯಾಗಿ ಬರೆದ ಹೈಪಾಟ್ ಮಾತ್ರ 5 ಗುಣಿಸು 10ರ 200ನೇ ಘಾತ ಎಂಬ ಉತ್ತರವನ್ನು ಕೊಡುತ್ತದೆ. ಲಾಗ್‌1ಪಿಯ ಕಥೆಯೂ ಅದೇ. 10ರ ಋಣ 17ನೇ ಘಾತಕ್ಕೆ 1 ಕೂಡಿಸಿದರೆ ಡಬಲ್‌ನಲ್ಲಿ ಉಳಿಯುವುದು ಬರಿಯ 1, ಅದರ ಲಾಗರಿದಮ್ ಸೊನ್ನೆ. ಲಾಗ್‌1ಪಿ ಆ ಸಣ್ಣ ಸಂಖ್ಯೆಯನ್ನು ಕಳೆದುಕೊಳ್ಳುವುದಿಲ್ಲ. ಇಂಥ ಫಂಕ್ಷನ್‌ಗಳನ್ನು ಕರೆಯುವವರು ಎಂದೂ ಕಡಿಮೆಯೇ ಇರುತ್ತಾರೆ, ಆದರೆ ಅವು ಲೈಬ್ರರಿಯಲ್ಲಿ ಇರಬೇಕಾದದ್ದು ಆ ಕಾರಣಕ್ಕೇ: ಕರೆಯುವುದು ಸುಲಭ, ಸರಿಯಾಗಿ ಬರೆಯುವುದು ಕಷ್ಟ. ಇದಕ್ಕೆ ವ್ಯತಿರಿಕ್ತವಾಗಿ, ನಿಮ್ಮ ಪಟ್ಟಿಯಲ್ಲಿ ಒಂದೇ ಕೆಲಸಕ್ಕೆ ಎರಡು ಹೆಸರಿರುವ ಸ್ಟ್ರಿಂಗ್ ಫಂಕ್ಷನ್‌ಗಳು ಎಂಟೊಂಬತ್ತು ಇವೆ. ಅವುಗಳನ್ನು ತೆಗೆದರೆ ಯಾರೂ ತಪ್ಪು ಸೂತ್ರ ಬರೆಯಬೇಕಾಗುವುದಿಲ್ಲ, ಹೆಸರು ಬದಲಾಯಿಸಿದರೆ ಸಾಕು.

ಇರಿಸಿಕೊಳ್ಳುವ ಖರ್ಚನ್ನು ತೂಗದೆ ಬಳಕೆಯನ್ನಷ್ಟೇ ಎಣಿಸಿದರೆ ತಕ್ಕಡಿಗೆ ಒಂದೇ ತಟ್ಟೆ ಇದ್ದಂತಾಗುತ್ತದೆ. ಸಿ ಭಾಷೆಯಲ್ಲಿ ಒಂದು ಸಾಲು ಇನ್‌ಪುಟ್ ಓದುವ ಗೆಟ್ಸ್ ಯಾರೂ ಬಳಸದ ಫಂಕ್ಷನ್ ಆಗಿರಲಿಲ್ಲ. ಓದಿದ್ದನ್ನು ತುಂಬಿಡುವ ಬಫರ್ ಎಷ್ಟು ದೊಡ್ಡದೆಂದು ಅದಕ್ಕೆ ಹೇಳುವ ದಾರಿಯೇ ಇಲ್ಲದ ಕಾರಣ ಅದನ್ನು ಸುರಕ್ಷಿತವಾಗಿ ಬಳಸುವುದು ಅಸಾಧ್ಯವಾಗಿತ್ತು, 1988ರಲ್ಲಿ ಇಂಟರ್ನೆಟ್‌ನಲ್ಲಿ ತಾನಾಗಿ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ, ಬಳಕೆದಾರರ ವಿವರ ತಿಳಿಸುವ ಫಿಂಗರ್ ಸೇವೆಯೊಳಗೆ ನುಸುಳಿದ್ದೂ ಅದೇ ಕಿಂಡಿಯಿಂದ. ಆದರೂ ಮಾನಕದಿಂದ ಅದು ಹೊರಬಿದ್ದದ್ದು 2011ರ ಸಿ11ರಲ್ಲಿ. ಅಲ್ಲೂ ಲಿನಕ್ಸ್‌ನಲ್ಲಿ ಬಳಕೆಯಾಗುವ ಸಿ ಲೈಬ್ರರಿಯಾದ ಗ್ಲಿಬ್‌ಸಿಯವರು ಹೊಸ ಕೋಡ್‌ಗೆ ಅದರ ಘೋಷಣೆ ಕಾಣದಂತೆ ಮಾಡಿದರೇ ಹೊರತು, ಈಗಾಗಲೇ ಕಂಪೈಲ್ ಆಗಿದ್ದ ಹಳೆಯ ಪ್ರೋಗ್ರಾಂಗಳು ಓಡಲೆಂದು ಒಳಗಿನ ಸಿಂಬಲ್ ಅನ್ನು (ಅವು ಫಂಕ್ಷನ್ ಅನ್ನು ಹುಡುಕುವ ಹೆಸರನ್ನು) ಉಳಿಸಿಕೊಂಡರು. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳೂ ವ್ಯಾಪಕ ಬಳಕೆಯಲ್ಲಿದ್ದಾಗಲೇ 2013ರಲ್ಲಿ ಡೆಪ್ರಿಕೇಟ್ ಆಗಿ (‘ಇನ್ನು ಬಳಸಬೇಡಿ’ ಎಂಬ ಗುರುತು ಪಡೆದು) 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಹೋದವು, ಹೋಗಬೇಕಾದದ್ದೂ ಸರಿಯೇ. ನಿಮ್ಮ ಪಟ್ಟಿಯಲ್ಲಿರುವ ಪಾಸ್‌ವರ್ಡ್ ಹ್ಯಾಶ್ ಫಂಕ್ಷನ್ ಇಟ್ಟುಕೊಂಡರೇ ಅಪಾಯವೆನ್ನುವ ಈ ಜಾತಿಗೆ ಸೇರಿದ್ದು. ಅದಕ್ಕೆ ಐದಲ್ಲ, ಐದು ಸಾವಿರ ಬಳಕೆದಾರರಿದ್ದರೂ ತೆಗೆಯಿರಿ.

ಪೈಥಾನ್‌ನವರ ಪೆಪ್ 594 ಅನ್ನು, ಅಂದರೆ ಹಳೆಯ ಮಾಡ್ಯೂಲ್‌ಗಳನ್ನು ಲೈಬ್ರರಿಯಿಂದ ತೆಗೆಯುವ ಪ್ರಸ್ತಾವವನ್ನು, ನೀವು ಸಮರ್ಥನೆಗೆ ಉಲ್ಲೇಖಿಸಿದ್ದೀರಿ, ಆದರೆ ಅದನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ. ಅದು 2019ರಲ್ಲಿ ಮಂಡನೆಯಾಗಿ 2022ರಲ್ಲಿ ಅಂಗೀಕಾರವಾಯಿತು, ಪೈಥಾನ್ 3.11ರಲ್ಲಿ ಎಚ್ಚರಿಕೆ ಶುರುವಾಗಿ, 19 ಮಾಡ್ಯೂಲ್‌ಗಳು ನಿಜವಾಗಿ ಹೋದದ್ದು 2024ರ ಅಕ್ಟೋಬರ್‌ನ 3.13ರಲ್ಲಿ. ಪ್ರತಿಯೊಂದು ಮಾಡ್ಯೂಲ್‌ಗೂ ಪ್ರತ್ಯೇಕ ಕಾರಣ ಬರೆದಿದ್ದರು: ನೋಡಿಕೊಳ್ಳುವವರಿಲ್ಲ, ಫೈಲ್ ಫಾರ್ಮ್ಯಾಟ್ ಸತ್ತುಹೋಗಿದೆ, ವಿನ್ಯಾಸವೇ ಅಪಾಯಕಾರಿ, ಹೀಗೆ. ಇಷ್ಟು ಎಚ್ಚರ ವಹಿಸಿದರೂ ಆಡಿಯೋಆಪ್ ಮಾಡ್ಯೂಲ್ ಅನ್ನು ನೆಚ್ಚಿಕೊಂಡಿದ್ದ ಧ್ವನಿ ಸಂಬಂಧಿ ಪ್ಯಾಕೇಜ್‌ಗಳು ಹಲವಿದ್ದವು, ಕೊನೆಗೆ ಅದನ್ನು ಹೊರಗಿನ ಪ್ಯಾಕೇಜ್ ಆಗಿ ಮತ್ತೆ ಪ್ರಕಟಿಸಬೇಕಾಯಿತು. ಪೈಥಾನ್ 3.0ರಲ್ಲಿ ಕಾಲಬಲ್ ಎಂಬ ಪುಟ್ಟ ಫಂಕ್ಷನ್ ತೆಗೆದು 3.2ರಲ್ಲಿ ಮರಳಿ ತಂದದ್ದನ್ನೂ ನೆನಪಿಡಿ. ಕಲೆಕ್ಷನ್ಸ್ ಮಾಡ್ಯೂಲ್‌ನ ಹಳೆಯ ಹೆಸರುಗಳನ್ನು 2012ರ 3.3ರಲ್ಲೇ ಬೇರೆಡೆಗೆ ಸರಿಸಿದ್ದರು, 3.9ರಲ್ಲಿ ತೆಗೆಯಲು ಹೊರಟು, ಬಹಳ ಪ್ಯಾಕೇಜ್‌ಗಳು ಮುರಿಯುತ್ತವೆಂದು ತಡೆದು, 2021ರ 3.10ರಲ್ಲಿ ತೆಗೆದರು. ಒಂಬತ್ತು ವರ್ಷಗಳ ನಂತರವೂ ಅದು ಅನೇಕರಿಗೆ ಹೊಸ ಸುದ್ದಿಯಾಗಿತ್ತು.

ಅದಕ್ಕೆ ಕಾರಣ ಎಚ್ಚರಿಕೆ ಯಾರ ಕಣ್ಣಿಗೂ ಬೀಳದಿದ್ದುದು. ಪೈಥಾನ್ 2.7 ಮತ್ತು 3.2ರಿಂದ ಡೆಪ್ರಿಕೇಶನ್ ವಾರ್ನಿಂಗ್‌ಗಳು ತಾವಾಗಿ ಕಾಣಿಸುತ್ತಿರಲಿಲ್ಲ, 3.7ರಿಂದ ಮುಖ್ಯ ಸ್ಕ್ರಿಪ್ಟ್‌ನಲ್ಲಿ ಮಾತ್ರ ಕಾಣಿಸತೊಡಗಿದವು. ಈ ವಿಷಯದಲ್ಲಿ ನನಗೆ ಜಾವಾದವರ ದಾರಿ ಹೆಚ್ಚು ಹಿಡಿಸುತ್ತದೆ. ಜಾವಾ 9ರಿಂದ ‘ಬಳಸಬೇಡಿ’ ಮತ್ತು ‘ಇದನ್ನು ತೆಗೆಯುತ್ತೇವೆ’ ಎಂಬ ಎರಡು ಮಾತುಗಳನ್ನು ಅವರು ಬೇರ್ಪಡಿಸಿದರು, ಕಂಪೈಲ್ ಆದ ಫೈಲ್‌ಗಳನ್ನೇ ಓದಿ ಯಾವ ಡೆಪ್ರಿಕೇಟ್ ಆದ ಫಂಕ್ಷನ್‌ಗಳು ಬಳಕೆಯಲ್ಲಿವೆಯೆಂದು ತಿಳಿಸುವ ಜೆಡೆಪರ್‌ಸ್ಕ್ಯಾನ್ ಎಂಬ ಸಾಧನವನ್ನೂ ಕೊಟ್ಟರು. ಹಾಗೆಂದು ಜಾವಾದಷ್ಟು ಕಾಯಲು ಹೇಳುತ್ತಿಲ್ಲ. ಥ್ರೆಡ್.ಸ್ಟಾಪ್ 1998ರಲ್ಲಿ ಡೆಪ್ರಿಕೇಟ್ ಆಗಿ, ಕರೆದರೆ ಎಕ್ಸೆಪ್ಶನ್ ಮಾತ್ರ ಎಸೆಯುವ ಸ್ಥಿತಿಗೆ ಬಂದದ್ದು 2023ರ ಜಾವಾ 20ರಲ್ಲಿ.

ನನ್ನ ತಪ್ಪಿನ ನಂತರ ನಾನು ಪಾಲಿಸುತ್ತಿರುವ ಕ್ರಮವನ್ನು ಹೇಳುತ್ತೇನೆ. ಮನೆ ಬಿಟ್ಟವರು ಬಾಗಿಲಿಗೆ ಹೊಸ ವಿಳಾಸ ಅಂಟಿಸಿ ಹೋಗುವಂತೆ, ಫಂಕ್ಷನ್‌ನ ಒಡಲನ್ನು ತೆಗೆದರೂ ಹೆಸರನ್ನು ಉಳಿಸುತ್ತೇನೆ. ಎಚ್ಚರಿಕೆಯ ಅವಧಿ ಮುಗಿದ ಮೇಲೆ ಆ ಹೆಸರನ್ನು ಕರೆದವರಿಗೆ, ಯಾವ ಆವೃತ್ತಿಯಲ್ಲಿ ತೆಗೆಯಲಾಯಿತು, ಈಗ ಯಾವುದನ್ನು ಬಳಸಬೇಕು, ಹಳೆಯದಕ್ಕೂ ಹೊಸದಕ್ಕೂ ಉತ್ತರದಲ್ಲಿ ಎಲ್ಲಿ ವ್ಯತ್ಯಾಸ ಬರುತ್ತದೆ ಎಂಬುದನ್ನು ತಿಳಿಸುವ ಎರರ್ ಸಿಗಬೇಕು. ‘ಇಂಥ ಹೆಸರಿಲ್ಲ’ ಎಂಬ ಬೋಳು ಎರರ್ ಕಂಡವರು ತಮ್ಮದೇ ಅಕ್ಷರತಪ್ಪೆಂದು ಹುಡುಕುತ್ತಾ ಕೂರುತ್ತಾರೆ. ಮೂರನೆಯ ಅಂಶವನ್ನು ದಯವಿಟ್ಟು ಬಿಡಬೇಡಿ, ನನ್ನ ರೌಂಡ್ ಫಂಕ್ಷನ್‌ನ ವಿಷಯದಲ್ಲಿ ಜನರು ಬಿದ್ದದ್ದು ಅಲ್ಲೇ. ಈ ಒಡಲಿಲ್ಲದ ಹೆಸರನ್ನು ಕನಿಷ್ಠ ಎರಡು ರಿಲೀಸ್‌ಗಳವರೆಗೆ ಇಡಿ. ಆಮೇಲೂ ಅದೇ ಹೆಸರನ್ನು ಬೇರೆ ಅರ್ಥದ ಫಂಕ್ಷನ್‌ಗೆ ಕೊಡಬೇಡಿ, ಏಕೆಂದರೆ ಹಳೆಯ ಕೋಡ್ ಆಗ ಮತ್ತೆ ಓಡತೊಡಗುತ್ತದೆ ಮತ್ತು ತಪ್ಪಾಗಿ ಓಡುತ್ತದೆ.

ಆದರೆ ತೆಗೆಯುವ ಮುಂಚಿನ ಎಚ್ಚರಿಕೆಯ ಅವಧಿಯನ್ನು ರಿಲೀಸ್‌ಗಳಲ್ಲಿ ಎಣಿಸಬೇಡಿ, ಕ್ಯಾಲೆಂಡರ್‌ನಲ್ಲಿ ಎಣಿಸಿ. ನೀವು ಮೂರು ತಿಂಗಳಿಗೊಂದು ರಿಲೀಸ್ ಮಾಡುವವರು. ಎರಡು ರಿಲೀಸ್ ಎಂದರೆ ಆರು ತಿಂಗಳಷ್ಟೇ. ವರ್ಷಕ್ಕೊಮ್ಮೆ ಓಡುವ ಕೋಡ್ ಒಮ್ಮೆಯಾದರೂ ಆ ಎಚ್ಚರಿಕೆಯನ್ನು ಕಾಣಬೇಕಾದರೆ ಹನ್ನೆರಡು ತಿಂಗಳು ಪೂರ್ತಿ ಕಳೆಯಬೇಕು, ಅದನ್ನು ಓದಿ ತಿದ್ದುವುದಕ್ಕೆ ಇನ್ನೂ ಮೂರು ತಿಂಗಳಾದರೂ ಬೇಕು. ಹದಿನೈದು ತಿಂಗಳಿಗಿಂತ ಕಡಿಮೆ ಅವಧಿಯನ್ನು ನಾನು ಈಗ ಒಪ್ಪುವುದಿಲ್ಲ. ಭದ್ರತೆಯ ದೋಷವಿರುವ ಫಂಕ್ಷನ್‌ಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಕೋಡ್ ಹುಡುಕಾಟದ ಎಣಿಕೆಯ ಬಗ್ಗೆಯೂ ಒಂದು ಮಾತು. ಗಿಟ್‌ಹಬ್‌ನ ಹುಡುಕಾಟ ಖಾಸಗಿ ಸಂಸ್ಥೆಗಳ ಒಳಗಿನ ಕೋಡ್ ಅನ್ನು ನಿಮಗೆ ತೋರಿಸುವುದಿಲ್ಲ, ಹೆಸರನ್ನು ಸ್ಟ್ರಿಂಗ್ ಆಗಿ ಜೋಡಿಸಿ ಕರೆಯುವ ಕೋಡ್ ಕೂಡ ಅದಕ್ಕೆ ಸಿಗುವುದಿಲ್ಲ. ರಸ್ಟ್‌ನವರ ಕ್ರೇಟರ್ ಎಂಬ ಸಾಧನ ಇದಕ್ಕಿಂತ ಬಹಳ ಮೇಲು, ಏಕೆಂದರೆ ಅದು ಪ್ರಕಟಿತ ಪ್ಯಾಕೇಜ್‌ಗಳನ್ನು ಹೊಸ ಕಂಪೈಲರ್‌ನಿಂದ ನಿಜವಾಗಿ ಕಟ್ಟಿ, ಅವುಗಳ ಟೆಸ್ಟ್‌ಗಳನ್ನು ಓಡಿಸಿ ನೋಡುತ್ತದೆ. ನಿಮ್ಮ ಪ್ಯಾಕೇಜ್ ಭಂಡಾರ ಚಿಕ್ಕದಾದ್ದರಿಂದ ಅಂಥದ್ದೊಂದನ್ನು ನೀವೂ ಮಾಡಬಹುದು, ಒಂದು ರಾತ್ರಿಯಲ್ಲಿ ಓಡಿ ಮುಗಿಯುತ್ತದೆ. ಅಷ್ಟು ಸೌಲಭ್ಯವಿದ್ದೂ ರಸ್ಟ್‌ನವರು ಸ್ಥಿರವೆಂದು ಘೋಷಿಸಿದ ಫಂಕ್ಷನ್‌ಗಳನ್ನು ಡೆಪ್ರಿಕೇಟ್ ಮಾಡಿ ಇಟ್ಟುಕೊಳ್ಳುತ್ತಾರೆಯೇ ಹೊರತು ತೆಗೆಯುವುದಿಲ್ಲ. ಗೋ ಭಾಷೆಯಲ್ಲೂ ಹಳೆಯ ಕೋಡ್ ಮುರಿಯುವುದಿಲ್ಲವೆಂಬ 2012ರ ಗೋ 1ರ ವಾಗ್ದಾನದ ಕಾರಣ, 2021ರ 1.16ರಲ್ಲಿ ಡೆಪ್ರಿಕೇಟ್ ಆದ ಐಓಯುಟಿಲ್ ಪ್ಯಾಕೇಜ್ ಹಾಗೆಯೇ ಉಳಿದಿದೆ; ಅದರ ರೀಡ್‌ಫೈಲ್ ಈಗ ಓಎಸ್ ಪ್ಯಾಕೇಜ್‌ನ ರೀಡ್‌ಫೈಲ್ ಅನ್ನು ಕರೆಯುವ ಒಂದು ಸಾಲು ಮಾತ್ರ. ನಿಮ್ಮ ಎರಡು ಹೆಸರಿನ ಸ್ಟ್ರಿಂಗ್ ಫಂಕ್ಷನ್‌ಗಳಿಗೂ ಈ ಒಂದು ಸಾಲಿನ ದಾರಿ ಸಾಕಾಗಬಹುದು. ದಾಖಲೆಯ ಮುಖ್ಯ ಪಟ್ಟಿಯಿಂದ ಅವುಗಳನ್ನು ಮರೆಮಾಡಿದರೆ ಹೊಸಬರಿಗೆ ಗೊಂದಲವಾಗುವುದಿಲ್ಲ. ಆದರೆ ತೆಗೆದ ಫಂಕ್ಷನ್‌ನ ದಾಖಲೆಯ ಪುಟವನ್ನು ಅಳಿಸುವುದು ಬೇಡ; ಹಳೆಯ ಕೋಡ್ ಓದುವವರಿಗೆ ಅದೇ ಆಸರೆ.

ಹೊರಗಿನ ಪ್ಯಾಕೇಜ್‌ಗೆ ಸಾಗಿಸುವ ಯೋಚನೆ ಇದ್ದರೆ, ಪ್ರಕಟಣೆಗೆ ಮುನ್ನವೇ ಆ ಪ್ಯಾಕೇಜ್‌ನ ಹೆಸರನ್ನು ನಿಮ್ಮ ತಂಡದ ಹೆಸರಿನಲ್ಲಿ ನೋಂದಾಯಿಸಿಕೊಳ್ಳಿ. ಫಂಕ್ಷನ್ ಹೋಯಿತೆಂದು ತಿಳಿದವರು ಆ ಹೆಸರನ್ನೇ ಹುಡುಕುತ್ತಾರೆ, ಬೇರೆ ಯಾರೋ ಅದನ್ನು ಹಿಡಿದಿಟ್ಟಿದ್ದರೆ ಅವರು ಹಾಕಿದ ಕೋಡ್ ನಿಮ್ಮ ಬಳಕೆದಾರರ ಯಂತ್ರದಲ್ಲಿ ಓಡುತ್ತದೆ. ಅದನ್ನು ನೋಡಿಕೊಳ್ಳುವವರು ಇಬ್ಬರಾದರೂ ಇರಲಿ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಪ್ಯಾಕೇಜ್ ಭಂಡಾರವಾದ ಎನ್‌ಪಿಎಂನಿಂದ ಲೆಫ್ಟ್‌-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜ್ ಅನ್ನು ಅದರ ಲೇಖಕರು ಹಿಂತೆಗೆದುಕೊಂಡಾಗ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ಒಡೆದುಹೋಯಿತು. ಸ್ಟ್ರಿಂಗ್‌ನ ಎಡಬದಿಗೆ ಅಕ್ಷರ ತುಂಬುವ ಅಷ್ಟು ಸಣ್ಣ ಕೆಲಸ ಆ ಭಾಷೆಯ ಲೈಬ್ರರಿಯಲ್ಲಿ ಆಗ ಇರಲಿಲ್ಲ, ಮರುವರ್ಷದ ಮಾನಕದಲ್ಲಿ ಪ್ಯಾಡ್‌ಸ್ಟಾರ್ಟ್ ಎಂಬ ಹೆಸರಿನಿಂದ ಬಂತು. ನಿಮ್ಮ ಪಟ್ಟಿಯ 22ನೇ ಸಾಲಿನಲ್ಲಿ ಇರುವುದು ಅದೇ ಕೆಲಸದ ಫಂಕ್ಷನ್. ಹೈಪಾಟ್, ಲಾಗ್‌1ಪಿ ಮತ್ತು ಆ ಸಾಲು, ಈ ಮೂರನ್ನು ಇವತ್ತೇ ಪಟ್ಟಿಯಿಂದ ಹೊರಗಿಡಿ. ಉಳಿದವುಗಳ ಪೈಕಿ ಪ್ರತಿಯೊಂದರ ಮುಂದೆ, ಇದು ಹೋದರೆ ಬಳಕೆದಾರರು ಇದರ ಬದಲು ಏನು ಬರೆಯುತ್ತಾರೆ ಎಂಬುದನ್ನು ನೀವೇ ಕೋಡ್ ಆಗಿ ಬರೆದು, ಸೊನ್ನೆ, ಋಣಸಂಖ್ಯೆ, ಖಾಲಿ ಸ್ಟ್ರಿಂಗ್, ಅತಿದೊಡ್ಡ ಸಂಖ್ಯೆಗಳಿಗೆ ಓಡಿಸಿ ನೋಡಿ, ಹಳೆಯ ಉತ್ತರದೊಂದಿಗೆ ಹೋಲಿಸಿದ ಫಲಿತಾಂಶವನ್ನು ಇಲ್ಲೇ ಹಾಕಿ. ಕೂತು ಒಟ್ಟಿಗೆ ನೋಡೋಣ.