ಕಪ್ಪು–ಬಿಳಿ ಮಕ್ಕಳ ಗೆಳೆತನದ ಕಾದಂಬರಿ: ಹದಿನೈದರ ಮಗಳಿಗೆ ಯಾವುದು ಕೊಡಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಹತ್ತನೇ ಕ್ಲಾಸ್ ಓದುತ್ತಿರುವ ಮಗಳಿಗೆ ಬಿಳಿಯರು ಮತ್ತು ಕಪ್ಪು ಜನರ ನಡುವಿನ ಗೆಳೆತನದ ಬಗ್ಗೆ ಯಾವ ಇಂಗ್ಲಿಷ್ ಕಾದಂಬರಿ ಕೊಡಬಹುದು ಅನ್ನುವುದು ಒಂದು. ಅಮೆರಿಕದ ಈ ಕತೆಗಳು ನಮ್ಮ ಕಡೆ ಮಕ್ಕಳಿಗೆ ಹತ್ತಿರವಾಗುತ್ತವಾ ಅನ್ನುವುದು ಇನ್ನೊಂದು. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವನು. ಭಾನುವಾರ ನಮ್ಮ ಮನೆಯಲ್ಲಿ ಒಂದಷ್ಟು ಮಕ್ಕಳು ಸೇರಿ ಕಾದಂಬರಿ ಓದುತ್ತಾರೆ. (ಅರ್ಧ ಜನ ಆಮೇಲೆ ಸಿಗುವ ಮಂಡಕ್ಕಿ ಮೆಣಸಿನಕಾಯಿಗೆ ಬರುವುದು, ಇರಲಿ.)

ಮಿಲ್‌ಡ್ರೆಡ್ ಟೇಲರ್ ಬರೆದ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಕೊಡಿ. 1976ರ ಕಾದಂಬರಿ, 1977ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಬಂತು. ಎಲ್ಲರೂ ಮೊದಲು ಹೇಳುವ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಿಟ್ಟು ಇದನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಪುಸ್ತಕ ಕೈಗೆತ್ತಿಕೊಂಡಾಗ ನಾನು ನೋಡುವುದು ಒಂದೇ: ಆ ಗೆಳೆತನದ ಬೆಲೆ ಕಟ್ಟುವವರು ಯಾರು?

ಬಹಳ ಕತೆಗಳಲ್ಲಿ ಅದನ್ನು ಕಟ್ಟುವುದು ಕಪ್ಪು ಮನುಷ್ಯನೇ. ಬಿಳಿ ಹುಡುಗ ಒಳ್ಳೆಯವನಾಗುತ್ತಾನೆ, ಅದಕ್ಕಾಗಿ ಇವನು ನೋವು ತಿನ್ನುತ್ತಾನೆ, ಇಲ್ಲವೇ ಸಾಯುತ್ತಾನೆ. 1969ರ ‘ದಿ ಕೇ’ ನೋಡಿ. ಎರಡನೇ ಮಹಾಯುದ್ಧದ ಕಾಲ, ಹಡಗು ಮುಳುಗಿ ಕಣ್ಣು ಕಳೆದುಕೊಂಡ ಬಿಳಿ ಹುಡುಗ, ಅವನ ಜೊತೆ ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಮುದುಕ ಟಿಮೊಥಿ. ಬಿರುಗಾಳಿಯಲ್ಲಿ ಹುಡುಗನಿಗೆ ಮೈಯೊಡ್ಡಿ ಮುದುಕ ಸಾಯುತ್ತಾನೆ. ಓದುವಾಗ ಕಣ್ಣಲ್ಲಿ ನೀರು ಬರುತ್ತದೆ, ನಿಜ. ಆದರೆ ಟಿಮೊಥಿಗೆ ಏನು ಬೇಕಿತ್ತು, ಅವನಿಗೆ ಯಾವುದಕ್ಕೆ ಸಿಟ್ಟು ಬರುತ್ತಿತ್ತು ಅಂತ ಕೇಳಿದರೆ ಪುಸ್ತಕದಲ್ಲಿ ಹೆಚ್ಚೇನೂ ಸಿಗುವುದಿಲ್ಲ. ‘ಮಾಕಿಂಗ್‌ಬರ್ಡ್’ ಅದಕ್ಕಿಂತ ಎಷ್ಟೋ ದೊಡ್ಡ ಕೃತಿ. ಅಲ್ಲೂ ಸುಳ್ಳು ಆರೋಪಕ್ಕೆ ಸಿಕ್ಕಿದ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್ ನಮಗೆ ಕಾಣುವುದು ಹೆಚ್ಚಾಗಿ ಕೋರ್ಟಿನ ಕಟಕಟೆಯಲ್ಲೇ. ಎರಡನೆಯದಾಗಿ ಓದಲಿ, ಚೆನ್ನಾಗಿರುತ್ತದೆ.

ಟೇಲರ್ ಕಾದಂಬರಿಯಲ್ಲಿ ಕತೆ ಹೇಳುವವಳು ಕ್ಯಾಸಿ ಲೋಗನ್ ಅನ್ನುವ ಒಂಬತ್ತು ವರ್ಷದ ಕಪ್ಪು ಹುಡುಗಿ. 1933ರ ಮಿಸಿಸಿಪ್ಪಿ. ಹತ್ತಿ ಬೆಳೆಯುವ ಸೀಮೆ. ಬಿಳಿ ಮಕ್ಕಳಿಗೆ ಸ್ಕೂಲ್ ಬಸ್ಸು ಇದೆ, ಇವರಿಗಿಲ್ಲ. ಆ ಬಸ್ಸು ಬೇಕಂತಲೇ ಪಕ್ಕದಲ್ಲಿ ಹಾದು, ನಡೆದು ಹೋಗುವ ಇವರ ಮೈಮೇಲೆ ಕೆಸರು ಹಾರಿಸುತ್ತದೆ. ಮೊದಲ ಅಧ್ಯಾಯದಲ್ಲೇ ಇನ್ನೊಂದು ಸಂಗತಿ ಬರುತ್ತದೆ. ಶಾಲೆಯಲ್ಲಿ ಪುಸ್ತಕ ಹಂಚುತ್ತಾರೆ. ಕ್ಯಾಸಿಯ ಆರು ವರ್ಷದ ತಮ್ಮ ರಟ್ಟು ತೆಗೆದು ನೋಡುತ್ತಾನೆ. ಒಳಗೆ ಒಂದು ಪಟ್ಟಿ: ಈ ಪುಸ್ತಕ ಯಾವ ವರ್ಷ, ಯಾವ ಸ್ಥಿತಿಯಲ್ಲಿ, ಯಾವ ಬಣ್ಣದ ಮಗುವಿಗೆ ಹೋಯಿತು ಅಂತ. ಹೊಸದಾಗಿದ್ದಾಗ ಬಿಳಿ ಮಕ್ಕಳಿಗೆ. ಹನ್ನೊಂದು ಸಲ ಅವರೇ ಬಳಸಿ, ಪೂರ್ತಿ ಹಾಳಾದ ಮೇಲೆ ಇವನ ಪಾಲಿಗೆ. ಅವನು ಅದನ್ನು ನೆಲಕ್ಕೆಸೆದು ತುಳಿಯುತ್ತಾನೆ. ನಮ್ಮ ಗುಂಪಿನಲ್ಲಿ ಇದನ್ನು ಓದಿದಾಗ ಒಬ್ಬ ಹುಡುಗ ಕೇಳಿದ, ‘ಸಾರ್, ಪುಸ್ತಕ ಹಳೇದು ಅಂತ ಸಿಟ್ಟಾ, ಪಟ್ಟಿ ನೋಡಿ ಸಿಟ್ಟಾ?’ ಆವತ್ತು ಪೂರ್ತಿ ಅದೇ ಚರ್ಚೆ. ಮುಂದಿನ ಪುಟಕ್ಕೆ ಹೋಗಲೇ ಇಲ್ಲ.

ಇದರಲ್ಲಿ ಜೆರೆಮಿ ಸಿಮ್ಸ್ ಅನ್ನುವ ಬಿಳಿ ಹುಡುಗ ಇದ್ದಾನೆ. ಬಸ್ಸು ಇದ್ದರೂ ಹತ್ತುವುದಿಲ್ಲ. ಇವರ ಜೊತೆ ದಾರಿ ಉದ್ದಕ್ಕೂ ನಡೆಯುತ್ತಾನೆ. ಅದಕ್ಕೆ ಮನೆಯಲ್ಲಿ ಏಟು ತಿನ್ನುತ್ತಾನೆ. ಕ್ರಿಸ್‌ಮಸ್ ದಿನ ಕ್ಯಾಸಿಯ ಅಣ್ಣ ಸ್ಟೇಸಿಗೆ ತಾನೇ ಮಾಡಿದ ಮರದ ಕೊಳಲು ತಂದುಕೊಡುತ್ತಾನೆ. ಬೇರೆ ಕಾದಂಬರಿಯಾಗಿದ್ದರೆ ಇಬ್ಬರೂ ತಬ್ಬಿಕೊಳ್ಳುತ್ತಿದ್ದರು. ಇಲ್ಲಿ ಅಪ್ಪ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಾನೆ: ಈಗ ನೀವಿಬ್ಬರೂ ಚೆನ್ನಾಗಿರಬಹುದು, ಇನ್ನು ಕೆಲವು ವರ್ಷಕ್ಕೆ ಅವನು ತನ್ನನ್ನು ಗಂಡಸು ಅಂದುಕೊಳ್ಳುತ್ತಾನೆ, ನೀನು ಅವನಿಗೆ ಆಗಲೂ ಹುಡುಗನೇ. ಸ್ಟೇಸಿ ಕೊಳಲನ್ನು ಪೆಟ್ಟಿಗೆಯಲ್ಲಿಡುತ್ತಾನೆ.

ಈ ಜಾಗದಲ್ಲಿ ನಮ್ಮ ಮಕ್ಕಳು ಎರಡು ಪಕ್ಷವಾದರು. ಜೆರೆಮಿ ಏನು ತಪ್ಪು ಮಾಡಿದ ಅಂತ ಕೆಲವರು ಅಪ್ಪನ ಮೇಲೆ ರೇಗಿದರು. ‘ನಾಳೆ ಏನಾದರೂ ಆದರೆ ಹೊಡೆತ ತಿನ್ನೋದು ಸ್ಟೇಸಿ ಅಲ್ವಾ? ಅಪ್ಪ ಹೇಳಿದ್ದು ಸರಿ’ ಅಂತ ಉಳಿದವರು. ನನಗೂ ಅಪ್ಪನೇ ಸರಿ ಅನ್ನಿಸುತ್ತದೆ, ಆದರೆ ಅವತ್ತು ಬಾಯಿ ಬಿಡಲಿಲ್ಲ. ನೀವೂ ಮಗಳ ಹತ್ತಿರ ಬೇಗ ತೀರ್ಪು ಕೊಡಬೇಡಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ತಲುಪುತ್ತದೆ. ನಾವು ಅಂದುಕೊಳ್ಳದ ದಾರಿಯಲ್ಲೂ ತಲುಪುತ್ತದೆ. ಕಾದಂಬರಿಯಲ್ಲಿ ಪಾಲಿಗೆ ಹೊಲ ಮಾಡುವ ಕಪ್ಪು ರೈತರು ವಾಲೇಸ್ ಅನ್ನುವವರ ಅಂಗಡಿಯಲ್ಲಿ ಸಾಲ ಬರೆಸುತ್ತಾರೆ. ಹತ್ತಿ ಮಾರಿದ ಮೇಲೆ ತೀರಿಸಬೇಕು, ಆದರೆ ಬಡ್ಡಿ ಸೇರಿ ತೀರುವುದೇ ಇಲ್ಲ. ಆ ಅಂಗಡಿಯವರು ಎಷ್ಟೇ ಕೆಟ್ಟವರಾಗಿದ್ದರೂ ಬಿಟ್ಟು ಬೇರೆ ಕಡೆ ಹೋಗುವ ಹಾಗಿಲ್ಲ. ನಾನು ಇದನ್ನು ಬಿಡಿಸಿ ಹೇಳಲು ತಯಾರಾಗಿ ಕೂತಿದ್ದೆ. ಜಗಳೂರು ಕಡೆಯ ಮೆಕ್ಕೆಜೋಳ ಬೆಳೆಯುವವರ ಮನೆಯ ಹುಡುಗಿ ‘ದಲಾಲಿ ಮಂಡಿ ಲೆಕ್ಕ ಸಾರ್’ ಅಂದಳು. ಅಷ್ಟೇ. ಉಳಿದವರಿಗೆ ಅವಳೇ ವಿವರಿಸಿದಳು.

ಜಾತಿಯ ವಿಷಯ ಬಂದೇ ಬರುತ್ತದೆ. ಬರಲಿ. ಇದೇನು ನಾವು ಹೊಸದಾಗಿ ಹೊಲಿದ ಹೋಲಿಕೆಯಲ್ಲ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಲ್ಲಿಯ ನೀಗ್ರೋಗಳ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದಿದ್ದರು. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಾಗ ತಿರುವನಂತಪುರದಲ್ಲಿ ದಲಿತ ಮಕ್ಕಳ ಶಾಲೆಗೆ ಹೋಗಿದ್ದರು. ಅಲ್ಲಿಯ ಮುಖ್ಯೋಪಾಧ್ಯಾಯರು ‘ಇವರು ಅಮೆರಿಕದ ಅಸ್ಪೃಶ್ಯರು, ನಿಮ್ಮ ಹಾಗೇ’ ಅಂತ ಮಕ್ಕಳಿಗೆ ಪರಿಚಯಿಸಿದರು. ಕಿಂಗ್ ಅವರಿಗೆ ಒಂದು ಕ್ಷಣ ಕಸಿವಿಸಿಯಾಯಿತಂತೆ. ಆಮೇಲೆ ಯೋಚಿಸಿ, ಹೌದು, ನಾನೂ ಅದೇ ಅಂದುಕೊಂಡರು. 1965ರ ಒಂದು ಪ್ರವಚನದಲ್ಲಿ ಅವರೇ ಹೇಳಿದ್ದು ಇದು.

ಆದರೆ ಎರಡೂ ಒಂದೇ ಅಂತ ಮಕ್ಕಳಿಗೆ ಹೇಳಿಬಿಟ್ಟರೆ ಓದು ಅಲ್ಲಿಗೇ ನಿಂತುಹೋಗುತ್ತದೆ. ಅಲ್ಲಿ ಬಣ್ಣ ದೂರದಿಂದಲೇ ಕಾಣುತ್ತದೆ. ನಮ್ಮಲ್ಲಿ ‘ನೀವು ಯಾರ ಪೈಕಿ?’ ಅಂತ ನಯವಾಗಿ ಕೇಳಿ ತಿಳಿದುಕೊಳ್ಳಬೇಕು. ಜೊತೆಗೆ ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿಸಿ. ಕಾದಂಬರಿಯಲ್ಲ, ಆತ್ಮಕತೆ. ಬಾಲ್ಯದ ಭಾಗ ಸಾಕು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುವುದನ್ನು ಹುಡುಗ ನೋಡುತ್ತಾನೆ, ಅವರಲ್ಲಿ ಒಬ್ಬ ಅವನ ಅಪ್ಪ. ಹೀಗಿದ್ದೂ ಆ ಪುಸ್ತಕದ ತುಂಬ ನಗು ಇದೆ. ಹದಿನೈದರ ಮಕ್ಕಳಿಗೆ ಅದೇ ಇಷ್ಟವಾಗುತ್ತದೆ.

ಮಗಳಿಗೆ ರುಚಿ ಹತ್ತಿದರೆ ಇನ್ನೆರಡು. 2015ರ ‘ಆಲ್ ಅಮೆರಿಕನ್ ಬಾಯ್ಸ್’ ಇವತ್ತಿನ ಕತೆ. ಅಂಗಡಿಯಲ್ಲಿ ಕಳ್ಳತನ ಮಾಡಿದ ಅಂತ ತಪ್ಪು ತಿಳಿದು ಪೊಲೀಸನೊಬ್ಬ ಕಪ್ಪು ಹುಡುಗನನ್ನು ಹೊಡೆಯುತ್ತಾನೆ. ಅದನ್ನು ಕಣ್ಣಾರೆ ಕಂಡ ಬಿಳಿ ಹುಡುಗನನ್ನು ಬೆಳೆಸಿದ್ದೇ ಆ ಪೊಲೀಸ್. ಕಪ್ಪು ಹುಡುಗನ ಅಧ್ಯಾಯಗಳನ್ನು ಕಪ್ಪು ಲೇಖಕ ಜೇಸನ್ ರೆನಾಲ್ಡ್ಸ್, ಬಿಳಿಯವನದನ್ನು ಬಿಳಿ ಲೇಖಕ ಬ್ರೆಂಡನ್ ಕೈಲಿ ಬರೆದಿದ್ದಾರೆ.

ಇನ್ನೊಂದು ಬ್ರಿಟನ್ನಿನ ಮ್ಯಾಲೊರಿ ಬ್ಲ್ಯಾಕ್‌ಮನ್ ಅವರ ‘ನಾಟ್ಸ್ ಅಂಡ್ ಕ್ರಾಸಸ್’ (2001). ಇದರಲ್ಲಿ ಲೋಕವೇ ಉಲ್ಟಾ: ಆಳುವವರು ಕಪ್ಪು ಜನ, ಕೆಳಗಿರುವವರು ಬಿಳಿಯರು. ಗಾಯಕ್ಕೆ ಹಚ್ಚುವ ಪಟ್ಟಿ ಕೂಡ ಕಂದು ಬಣ್ಣದಲ್ಲೇ ಸಿಗುತ್ತದೆ, ಬಿಳಿ ಹುಡುಗಿಯ ಹಣೆ ಮೇಲೆ ಎದ್ದು ಕಾಣುತ್ತದೆ. ಮಂತ್ರಿಯ ಮಗಳು ಸೆಫಿ ಊಟದ ಹೊತ್ತಿಗೆ ಗೆಳೆಯ ಕ್ಯಾಲಮ್ ಇರುವ ಬಿಳಿ ಮಕ್ಕಳ ಟೇಬಲ್ಲಿಗೆ ಹೋಗಿ ಕೂರುತ್ತಾಳೆ. ಒಳ್ಳೆ ಮನಸ್ಸೇ. ಆದರೆ ಆ ಟೇಬಲ್ಲಿನವರಿಗೆ ಖುಷಿಗಿಂತ ಮುಜುಗರವೇ ಜಾಸ್ತಿ. ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಅಂತ ನೋಡಿದವರಿಗೆ ಇದು ಸುಮ್ನೆ ಕಟ್ಟಿದ ಕತೆ ಅನ್ನಿಸುವುದಿಲ್ಲ. ಕೊನೆಗೆ ಹಿಂಸೆ ಜಾಸ್ತಿ, ಪ್ರೇಮ, ಕಾಮದ ಸಂಗತಿಯೂ ಇದೆ. ಪಿಯುಸಿಗೆ ಬಂದ ಮೇಲೆ ಕೊಡಿ, ಮೊದಲು ನೀವು ಓದಿ.

‘ರೋಲ್ ಆಫ್ ಥಂಡರ್’ ಇಂಗ್ಲಿಷ್ ಶುರುವಿನಲ್ಲಿ ಸ್ವಲ್ಪ ಕಷ್ಟ. ಮಾತುಕತೆ ಅಲ್ಲಿಯ ಹಳ್ಳಿ ಮಾತಲ್ಲೇ ಇದೆ, ಸ್ಕೂಲ್ ಗ್ರಾಮರ್ ಹುಡುಕಬಾರದು. ಡಿಕ್ಷನರಿ ಪಕ್ಕಕ್ಕಿಟ್ಟು ಜೋರಾಗಿ ಓದಲು ಹೇಳಿ, ಕಿವಿಗೆ ಬಿದ್ದರೆ ಅರ್ಥವಾಗುತ್ತದೆ. ಕಪ್ಪು ಜನರನ್ನು ಬೈಯುವ ಪದಗಳು ಬರುತ್ತವೆ. ನಾವು ಅಲ್ಲಿ ಬಾಯಿ ಬಿಡದೆ ಕಣ್ಣಲ್ಲೇ ಓದಿ ಮುಂದೆ ಹೋಗುತ್ತೇವೆ. ಮೊದಲ ಎರಡು ಅಧ್ಯಾಯ ನೀವೂ ಜೊತೆಗೆ ಕೂತು ಓದಿ. ಮೂರನೆಯದರಲ್ಲಿ ಕೆಸರು ಹಾರಿಸುವ ಆ ಬಸ್ಸಿಗೆ ಮಕ್ಕಳು ಗುಂಡಿ ತೋಡುತ್ತಾರೆ. ಅಲ್ಲಿಂದ ಮುಂದೆ ಅವಳಿಗೆ ನಿಮ್ಮ ಅಗತ್ಯ ಇರುವುದಿಲ್ಲ.