ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಎಐ ಕೂಡ ಚಿತ್ರ ಮಾಡುತ್ತದೆ. ಫೋಟೊ ಇನ್ನೂ ಕಲೆಯಾ? ಬೆಂಗಳೂರಿನಲ್ಲಿ ಯಾರಾದರೂ ಹೊಸದಾಗಿ ಯೋಚಿಸುತ್ತಿದ್ದಾರಾ?

ಖಂಡಿತ ಕಲೆಯೇ. ಆದರೆ ಒಳ್ಳೆ ಬೆಳಕು, ಒಳ್ಳೆ ಲೆನ್ಸ್, ಸರಿಯಾದ ಗಳಿಗೆಗೆ ಕ್ಲಿಕ್, ಇಷ್ಟನ್ನೇ ನೀವು ಕಲೆ ಅಂತಿದ್ದರೆ ನಿಮ್ಮ ಅನುಮಾನ ನ್ಯಾಯವಾದದ್ದು. ಅದರಲ್ಲಿ ಎಷ್ಟೋ ಈಗ ಮೊಬೈಲೇ ಮಾಡಿಕೊಡುತ್ತದೆ. ನನಗೆ ಇಷ್ಟವಾದ ಕಲಾವಿದರ ತಲೆಯಲ್ಲಿ ಇರುವುದು ಬೇರೆ ಪ್ರಶ್ನೆ. ಕ್ಯಾಮೆರಾ ಮುಂದೆ ಯಾರು ನಿಲ್ಲಬೇಕು? ಹೇಗೆ ನಿಲ್ಲಬೇಕು? ಅದನ್ನು ತೀರ್ಮಾನ ಮಾಡೋರು ಯಾರು?

ನಾನು ಮದುವೆ ಫೋಟೊ ತೆಗೆಯುವವನು. ಜನರನ್ನು ಸಾಲಾಗಿ ನಿಲ್ಲಿಸುವುದು, ‘ಗಲ್ಲ ಸ್ವಲ್ಪ ಮೇಲೆ ಎತ್ತಮ್ಮ’ ಅನ್ನುವುದು, ಸೆರಗು ಸರಿ ಮಾಡಿಸುವುದು ನನ್ನ ದಿನನಿತ್ಯದ ಕೆಲಸ. ಅದಕ್ಕೇ ಇರಬೇಕು, ಪುಷ್ಪಮಾಲಾ ಎನ್. ಅವರ ಫೋಟೊಗಳ ಮುಂದೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಅವರು ಬೆಂಗಳೂರಿನವರು, ಕಲಿತದ್ದು ಬರೋಡದಲ್ಲಿ, ಅದೂ ಶಿಲ್ಪಕಲೆ. 1990ರ ದಶಕದಲ್ಲಿ ಫೋಟೊ ಕಡೆ ಬಂದರು, ಆದರೆ ಕ್ಯಾಮೆರಾ ಹಿಂದೆ ಅಲ್ಲ, ಮುಂದೆ. ತಾವೇ ವೇಷ ಹಾಕಿ ನಿಲ್ಲುತ್ತಾರೆ.

2000ರಿಂದ 2004ರವರೆಗೆ ಅವರು ಇಲ್ಲೇ ನೆಲೆಸಿರುವ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಅನ್ನುವ ದೊಡ್ಡ ಸರಣಿ ಮಾಡಿದರು. ದಕ್ಷಿಣ ಭಾರತದ ಹೆಣ್ಣು ಅಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರಗಳಿವೆಯಲ್ಲ, ಅವನ್ನೇ ಒಂದೊಂದಾಗಿ ಮತ್ತೆ ಕಟ್ಟಿದರು. ರವಿವರ್ಮನ ಲಕ್ಷ್ಮಿ ಇದ್ದಾಳೆ, ಬೆಳದಿಂಗಳಲ್ಲಿ ಕೂತ ಹೆಣ್ಣು ಇದ್ದಾಳೆ. ಸರಗಳ್ಳತನದಲ್ಲಿ ಸಿಕ್ಕಿಬಿದ್ದ ಇಬ್ಬರು ಹೆಂಗಸರ ಪತ್ರಿಕಾ ಫೋಟೊ ಕೂಡ ಇದೆ.

ನನ್ನನ್ನು ಕಾಡಿದ್ದು ಮಾತ್ರ ಬೇರೆಯೇ. ಹಿಂದೆ ಕಪ್ಪು ಬಿಳಿ ಚೌಕದ ಪರದೆ, ಅದರ ಮುಂದೆ ಬುಡಕಟ್ಟು ಹೆಂಗಸಿನ ವೇಷದಲ್ಲಿ ಪುಷ್ಪಮಾಲಾ. ಆ ಚೌಕಗಳು ಅಂದಕ್ಕೆ ಇಟ್ಟದ್ದಲ್ಲ. 19ನೇ ಶತಮಾನದಲ್ಲಿ ಬ್ರಿಟಿಷರು ಇಲ್ಲಿನ ಜನರನ್ನು ಇಂಥ ಪರದೆ ಮುಂದೆ ನಿಲ್ಲಿಸಿ ಫೋಟೊ ಹಿಡಿಯುತ್ತಿದ್ದರು. ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ಮಾಡಿದ್ದೂ ಇದನ್ನೇ. ಚೌಕಗಳನ್ನು ಎಣಿಸಿದರೆ ಆ ಮನುಷ್ಯನ ಎತ್ತರ, ಅಗಲ ಎಲ್ಲ ಸಿಗುತ್ತದೆ. ಹೆಸರು ಬೇಡ, ಅಳತೆ ಸಾಕು. ಇಲ್ಲಿ ಅದೇ ಪರದೆ ಮುಂದೆ ಕಲಾವಿದೆಯೇ ಬಂದು ನಿಂತಿದ್ದಾರೆ, ಯಾರೂ ಹಿಡಿದು ನಿಲ್ಲಿಸಿದ್ದಲ್ಲ. ಆ ಹಳೇ ಫೋಟೊಗಳಲ್ಲಿ ನಿಂತವರಿಗೆ ಹೀಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ ಅಲ್ವಾ ಅನ್ನುವುದು ನೋಡ್ತಾ ನೋಡ್ತಾ ಹೊಳೆಯುತ್ತದೆ. ಅದಾದ ಮೇಲೆ ನಾನು ಯಾರಿಗಾದರೂ ‘ಗಲ್ಲ ಎತ್ತಿ’ ಅನ್ನುವ ಮುಂಚೆ ಒಂದು ಕ್ಷಣ ತಡೆಯುತ್ತೇನೆ.

ಪೋಸ್ ಕೊಟ್ಟ ಫೋಟೊ ಸುಳ್ಳು, ಕ್ಯಾಂಡಿಡ್ (ಪೋಸ್ ಇಲ್ಲದೆ, ಇದ್ದ ಹಾಗೇ ತೆಗೆದದ್ದು) ಮಾತ್ರ ನಿಜ ಅನ್ನುವ ಮಾತು ನಮ್ಮ ಕಸುಬಿನಲ್ಲಿ ಜಾಸ್ತಿ. ನಾನು ಅದನ್ನು ಒಪ್ಪುವುದಿಲ್ಲ. ಕಾಪ್ ಶಿವ ಅವರ ‘ಬೀಯಿಂಗ್ ಗಾಂಧಿ’ ನೋಡಿ. ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಕಲಾವಿದರಾದವರು ಅವರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು, ಗಾಂಧಿಯಾಗಿ ಊರೂರಿನಲ್ಲಿ ಅಲ್ಲಾಡದೆ ನಿಲ್ಲುತ್ತಿದ್ದ ಶಾಲಾ ಮೇಷ್ಟ್ರೊಬ್ಬರ ಫೋಟೊಗಳವು. ಆ ಮೇಷ್ಟ್ರು ಮಾಡುವುದೇ ಪೋಸು. ಆದರೆ ಅವರಿಗೆ ಅದರಲ್ಲಿ ಇರುವ ನಂಬಿಕೆಯಲ್ಲಿ ಒಂದಿಷ್ಟೂ ಸುಳ್ಳಿಲ್ಲ.

ಬೆಂಗಳೂರಿನ ಹೊರಗಿನದು ಒಂದು ಹೇಳಲೇಬೇಕು. ದೆಹಲಿಯ ಗೌರಿ ಗಿಲ್ ಫೋಟೊ ತೆಗೆಯುತ್ತಾರೆ, ಮಹಾರಾಷ್ಟ್ರದ ವಾರ್ಲಿ ಕಲಾವಿದ ರಾಜೇಶ್ ವಾಂಗಡ್ ಆ ಪ್ರಿಂಟಿನ ಮೇಲೆಯೇ ಚಿತ್ರ ಬರೆಯುತ್ತಾರೆ. 2013ರಲ್ಲಿ ಶುರುವಾದ ಕೆಲಸ ಇದು. ಫೋಟೊದಲ್ಲಿ ಇರುವುದು ಬರೀ ಗದ್ದೆ, ಗುಡ್ಡ. ಅಲ್ಲಿ ಏನೇನು ನಡೆದು ಹೋಗಿದೆ ಅನ್ನುವುದು ಕ್ಯಾಮೆರಾಗೆ ಕಾಣಲ್ಲ. ಊರಿನವರಾದ ವಾಂಗಡ್ ಅದನ್ನು ಗೆರೆಗಳಲ್ಲಿ ತುಂಬಿಸುತ್ತಾರೆ. ಹಾಗಾದರೆ ಆ ಫೋಟೊ ಯಾರದ್ದು? ಇಬ್ಬರದ್ದೂ.

ಇನ್ನು ಎಐ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಎಐ ಚಿತ್ರವೊಂದನ್ನು ಸೋನಿ ಫೋಟೊ ಸ್ಪರ್ಧೆಗೆ ಕಳಿಸಿ ಬಹುಮಾನ ಗೆದ್ದರು, ಆಮೇಲೆ ಇದು ಫೋಟೊ ಅಲ್ಲ ಅಂತ ಬೇಡ ಎಂದರು. ಎಐ ಚೌಕದ ಪರದೆ ಬೇಕಾದರೆ ಬರೆದುಕೊಡುತ್ತದೆ. ಆದರೆ ಅದರ ಮುಂದೆ ಬಂದು ನಿಲ್ಲುವ ಮನುಷ್ಯ ಅಲ್ಲಿ ಇರುವುದಿಲ್ಲ. ನನಗೆ ಅದು ದೊಡ್ಡ ವ್ಯತ್ಯಾಸ.

ನೋಡಬೇಕು ಅನ್ನಿಸಿದರೆ ಕಸ್ತೂರಬಾ ರಸ್ತೆಯ ಮ್ಯಾಪ್‌ಗೆ, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಹೋಗಿ. 2023ರಲ್ಲಿ ಬಾಗಿಲು ತೆರೆದ ಈ ಮ್ಯೂಸಿಯಂ ಹೆಸರಿನಲ್ಲೇ ಫೋಟೋಗ್ರಫಿ ಇದೆ, ಸಂಗ್ರಹವೂ ದೊಡ್ಡದು. ಆವತ್ತು ಯಾವ ಪ್ರದರ್ಶನ ಇದೆ ಅಂತ ಮೊದಲೇ ನೋಡಿಕೊಳ್ಳಿ. ‘1 ಶಾಂತಿರೋಡ್’ ಅನ್ನುವ ಕಲಾ ಗ್ಯಾಲರಿಯಲ್ಲೂ ಹೊಸಬರ ಕೆಲಸ ಇರುತ್ತದೆ, ಕಲಾವಿದರೇ ಮಾತಿಗೂ ಸಿಗುತ್ತಾರೆ. ಫೋನಿನಲ್ಲಿ ನೋಡಿ ಸುಮ್ನೆ ಆಗಬೇಡಿ. ಗೋಡೆ ಮೇಲಿನ ದೊಡ್ಡ ಪ್ರಿಂಟಿನಲ್ಲಿ ಪರದೆಯ ಮಡಿಕೆ, ಮುಖದ ಮೇಲಿನ ಬಣ್ಣ ಎಲ್ಲಾ ಕಾಣುತ್ತದೆ.