ಕೇಜ್ ಸೀನ್ ಇಟ್ಕೊಳ್ಳಿ, ಉಳಿದಿದ್ದು ಪಕ್ಕಕ್ಕಿಡಿ

ನಮಸ್ಕಾರ,

ನೀವು ಕಳಿಸಿದ 412 ಪುಟದ ಕಾದಂಬರಿ, ಅದನ್ನೇ ಎಂಟು ಎಪಿಸೋಡ್ ಮಾಡಿರೋ ವೆಬ್ ಸೀರೀಸ್ ಔಟ್‌ಲೈನು, ಜೊತೆಗಿದ್ದ ಮೂರು ಪುಟದ ಪತ್ರ, ಎಲ್ಲಾ ಓದಿದೆ. ಸುತ್ತಿ ಬಳಸಿ ಹೇಳಲ್ಲ, ಕಾದಂಬರಿನ ನಮ್ಮ ಪತ್ರಿಕೇಲಿ ಹಾಕಕ್ಕಾಗಲ್ಲ, ಕಂತುಗಳಾಗಿ ಕೂಡ ಆಗಲ್ಲ. ಆದ್ರೆ ಅದರ ಒಳಗೆ ಎಲ್ಲೋ ಹೂತುಹೋಗಿರೋ ಹದಿನಾಲ್ಕು ಪುಟ ನನಗೆ ಬೇಕು. ಅದೊಂದು ಇಲ್ದೇ ಹೋಗಿದ್ರೆ ಎಲ್ಲರಿಗೂ ಕಳಿಸೋ ಆ ಎರಡು ಸಾಲಿನ ವಿಷಾದ ಪತ್ರಾನೇ ನಿಮಗೂ ಬರ್ತಿತ್ತು, ಕೋಲಾರದಲ್ಲಿ ಒಂದು ರೂಮಲ್ಲಿ ನಡಿಯೋ ಪತ್ರಿಕೆ ಇದು, ಎಲ್ಲರಿಗೂ ಇಷ್ಟುದ್ದ ಬರೆಯೋಕೆ ಪುರುಸೊತ್ತಿರಲ್ಲ.

ಪತ್ರದಲ್ಲಿ ನೀವು ಕೇಳಿರೋದು ಎರಡು. ಅಮೆರಿಕದ ಲೇಖಕ ಡೇವಿಡ್ ಜೆರಾಲ್ಡ್ ಥರ ಸೈನ್ಸ್ ಫಿಕ್ಷನ್ ಕಾದಂಬರಿನೂ ಬರೀಬೇಕು, ಟಿವಿಗೂ ಬರೀಬೇಕು, ಕನ್ನಡದಲ್ಲಿ ಆಗುತ್ತಾ ಅಂತ ಒಂದು. ನರಸಾಪುರದ ಫ್ಯಾಕ್ಟರಿ ಕೆಲಸ ಬಿಟ್ಟುಬಿಡ್ಲಾ ಅಂತ ಇನ್ನೊಂದು. ಎರಡನೇದಕ್ಕೆ ಇಲ್ಲೇ ಉತ್ತರ ಹೇಳ್ಬಿಡ್ತೀನಿ, ಬಿಡಬೇಡಿ. ಶಿಫ್ಟ್ ಮುಗಿಸಿ ಬಂದು ಬರೆಯೋದು ಕಷ್ಟ ಅಂತ ಗೊತ್ತು, ಆದ್ರೂ ಬಿಡಬೇಡಿ.

ಮೊದಲನೇದಕ್ಕೆ ಬರೋಣ. ಜೆರಾಲ್ಡ್ ಹೆಸರು ಹೇಳಿದೀರ, ಆದ್ರೆ ಆತ ಶುರು ಮಾಡಿದ್ದು ಹೆಂಗೆ ಅನ್ನೋದನ್ನ ನೀವು ಸರಿಯಾಗಿ ನೋಡಿಲ್ಲ ಅನ್ಸುತ್ತೆ. 1966ರ ಸೆಪ್ಟೆಂಬರಲ್ಲಿ ಅಮೆರಿಕದ ಟಿವಿಲಿ ಸ್ಟಾರ್ ಟ್ರೆಕ್ ಅನ್ನೋ ಅಂತರಿಕ್ಷದ ಸೀರೀಸ್ ಶುರುವಾದಾಗ ಆತ ಇನ್ನೂ 22ರ ಹುಡುಗ, ಕಾಲೇಜು ಹುಡುಗ ಅನ್ನಬಹುದು. ಆತನೂ ನಿಮ್ಮ ಹಂಗೇನೇ ಮೊದಲು ದೊಡ್ಡದಕ್ಕೇ ಕೈ ಹಾಕಿದ, ಎರಡು ಭಾಗದ ಎಪಿಸೋಡಿಗೆ 60 ಪುಟದ ಔಟ್‌ಲೈನ್ ಬರೆದು ಕಳಿಸಿದ. ಅಲ್ಲಿ ಪ್ರೊಡ್ಯೂಸರ್ ಆಗಿದ್ದ ಜೀನ್ ಕೂನ್ ಇದು ಬೇಡ ಅಂದ್ರು, ಆದ್ರೆ ಹುಡುಗನಿಗೆ ಬರೆಯೋಕೆ ಬರುತ್ತೆ ಅಂತ ಕಂಡು ಬೇರೆ ಏನಾದ್ರೂ ಇದ್ರೆ ತಗೊಂಡು ಬಾ ಅಂದ್ರು. ಅವನು ಒಂದಷ್ಟು ಚಿಕ್ಕ ಚಿಕ್ಕ ಐಡಿಯಾ ಬರೆದುಕೊಟ್ಟ, ಅದ್ರಲ್ಲಿ ಒಂದು ಮಾತ್ರ ಕ್ಲಿಕ್ ಆಯ್ತು. ಉಣ್ಣೆ ಉಂಡೆ ಥರ ಮುದ್ದಾಗಿರೋ ಟ್ರಿಬಲ್ ಅನ್ನೋ ಪ್ರಾಣಿ, ತಿನ್ನೋದು ಮರಿ ಹಾಕೋದು ಬಿಟ್ಟು ಬೇರೇನೂ ಗೊತ್ತಿಲ್ಲ, ಅದು ಸ್ಪೇಸ್ ಸ್ಟೇಷನ್ ತುಂಬ ಹರಡಿ ಧಾನ್ಯದ ಗೋದಾಮಿಗೆ ನುಗ್ಗುತ್ತೆ. ಅಷ್ಟೇ ಕಥೆ. ಸಾಮ್ರಾಜ್ಯ ಇಲ್ಲ, ಮೂರು ಗ್ರಹದ ಇತಿಹಾಸ ಇಲ್ಲ. 1967ರ ಡಿಸೆಂಬರ್ 29ಕ್ಕೆ ಪ್ರಸಾರ ಆಯ್ತು, ಇವತ್ತಿಗೂ ಆ ಸೀರೀಸಿನ ಅಚ್ಚುಮೆಚ್ಚಿನ ಎಪಿಸೋಡ್ ಯಾವುದು ಅಂದ್ರೆ ಜನ ಟ್ರಿಬಲ್ ಅಂತಾರೆ.

ಅದನ್ನ ಇನ್ನೊಂದ್ಸಲ ನೋಡಿ, ಈ ಸಲ ಕಥೆ ನೋಡಬೇಡಿ, ಖರ್ಚು ನೋಡಿ. ಕೆಲವೇ ಸೆಟ್ಟು, ಒಂದು ಬಾರು, ಒಂದು ಗೋದಾಮು, ನೂರಾರು ಉಣ್ಣೆ ಉಂಡೆ. ಕ್ಯಾಪ್ಟನ್ ತಲೆ ಮೇಲೆ ರಾಶಿ ಬಿದ್ದ ಮೇಲೂ ಒಂದೊಂದೇ ಬೀಳ್ತಾ ಇರುತ್ತಲ್ಲ, ಎಲ್ಲರೂ ನಗೋ ಜಾಗ, ಅದು ಮೇಲಿಂದ ಎಸಿತಾ ಇದ್ದ ಸೆಟ್ ಹುಡುಗರಿಗೆ ಕೆಳಗೆ ಸಾಕಾಯ್ತೋ ಇಲ್ವೋ ಕಾಣದೇ ಎಸಿತಾನೇ ಇದ್ದಿದ್ದರಿಂದ ಆಗಿದ್ದು. ನಿಮ್ಮ ಔಟ್‌ಲೈನಿನ ಮೊದಲನೇ ಎಪಿಸೋಡಲ್ಲೇ ಶನಿಗ್ರಹದ ಬಳೆ ಒಡೆಯುತ್ತೆ, ಬೆಂಗಳೂರು ಮುಳುಗುತ್ತೆ, ನಲವತ್ತು ಸಾವಿರ ರೋಬೋಗಳು ವಿಧಾನಸೌಧದ ಮುಂದೆ ನಿಲ್ತವೆ. ಇದನ್ನ ಯಾರು ಸ್ವಾಮಿ ಶೂಟ್ ಮಾಡ್ತಾರೆ?

ಸ್ಕ್ರಿಪ್ಟ್ ವಿಷಯದಲ್ಲಿ ಇನ್ನೂ ಒಂದು ಮಜಾ ಇದೆ. ಜೆರಾಲ್ಡ್‌ನ ಟೈಪ್‌ರೈಟರಲ್ಲಿ ಅಕ್ಷರ ಚಿಕ್ಕದಿತ್ತು, ಅವನ ಲೆಕ್ಕಕ್ಕೆ ಪುಟ ಸರಿಯಾಗಿತ್ತು, ಸ್ಟುಡಿಯೋದವರು ತಮ್ಮ ಫಾರ್ಮ್ಯಾಟಲ್ಲಿ ಮತ್ತೆ ಟೈಪ್ ಮಾಡಿಸಿದ್ರೆ ಎಷ್ಟೋ ಪುಟ ಜಾಸ್ತಿ ಬಂತು, ಕೂತ್ಕೊಂಡು ಕತ್ತರಿಸಬೇಕಾಯ್ತು, ಕತ್ತರಿಸಿದ ಮೇಲೆ ಸ್ಕ್ರಿಪ್ಟು ಇನ್ನೂ ಚೆನ್ನಾಗಾಯ್ತು ಅಂತ ಅವನೇ ಒಪ್ಕೊಂಡಿದಾನೆ. ನೀವು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕಳಿಸಿದ್ದು ನಮ್ಮಲ್ಲಿ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತೆಲ್ಲ ಎಲ್ಲೆಲ್ಲೋ ಹೋಗಿ ಕೂತಿತ್ತು, ಅದನ್ನ ಸಹಿಸ್ಕೊಂಡು ಓದಿದೀನಿ ಅನ್ನೋದು ನೆನಪಿರಲಿ.

ಇನ್ನು ಆ ವಾಟರ್‌ಮಾರ್ಕು. ಪ್ರತಿ ಪುಟದಲ್ಲೂ ನಿಮ್ಮ ಹೆಸರು, ಐಡಿಯಾ ಕದ್ದರೆ ಕೇಸ್ ಹಾಕ್ತೀನಿ ಅನ್ನೋ ಸಾಲು. ಐಡಿಯಾಗೆ ಅಷ್ಟು ಬೆಲೆ ಇಲ್ಲ ಕಣ್ರೀ. ಟ್ರಿಬಲ್ ಥರದ್ದೇ ಪ್ರಾಣಿ ರಾಬರ್ಟ್ ಹೈನ್‌ಲೈನ್ 1952ರಲ್ಲೇ ಒಂದು ಕಾದಂಬರೀಲಿ ಬರೆದಿದ್ರು. ಸ್ಟುಡಿಯೋದವರ ಕಣ್ಣಿಗೆ ಅದು ಬಿತ್ತು, ಎಲ್ಲರಿಗೂ ಭಯ ಆಯ್ತು, ಹೈನ್‌ಲೈನ್‌ಗೇ ಫೋನ್ ಮಾಡಿ ಕೇಳಿದ್ರು. ಆ ಮನುಷ್ಯ ದುಡ್ಡು ಕೇಳಲಿಲ್ಲ, ಸಹಿ ಹಾಕಿದ ಸ್ಕ್ರಿಪ್ಟಿನ ಒಂದು ಕಾಪಿ ಕೇಳಿದ್ರು ಅಷ್ಟೇ. ನಿಮ್ಮ ಕಾದಂಬರಿಯ ಮೂಲ ಐಡಿಯಾ, ದೂರದ ನಕ್ಷತ್ರದಿಂದ ಸಿಗ್ನಲ್ ಬರೋದು, ಅದು ನಿಮಗಿಂತ ಮುಂಚೆ ನೂರಾರು ಜನ ಬರೆದಾಗಿದೆ. ನಿಮ್ಮದು ಅಂತ ಇರೋದು ಆ ಹದಿನಾಲ್ಕು ಪುಟ.

ಎಲ್ಲಿ ಅಂದ್ರೆ 187ನೇ ಪುಟದಿಂದ. ಕೆಜಿಎಫ್ ಚಿನ್ನದ ಗಣಿಯ ಕೇಜ್, ಅಂದ್ರೆ ಜನರನ್ನ ಕೆಳಗಿಳಿಸೋ ಲಿಫ್ಟು, ಮಧ್ಯದಲ್ಲಿ ನಿಂತುಬಿಡುತ್ತೆ, ಒಳಗೆ ಮೂರು ಜನ, ಮುಂಬೈಯಿಂದ ಬಂದ ಫಿಸಿಕ್ಸ್ ಹುಡುಗಿ, ಗಣಿ ಕೆಲಸದ ಮುದುಕ, ಮತ್ತೆ ಹೀರೋ. ಮುದುಕ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬೈಕೊಂಡು ಬೀಡಿ ಇಲ್ಲದ್ದಕ್ಕೆ ಪರದಾಡ್ತಾನೆ, ಆ ಹುಡುಗಿ ಉಸಿರು ಎಣಿಸ್ತಾ ಕೂರ್ತಾಳೆ. ಪುಸ್ತಕದಲ್ಲಿ ಮನುಷ್ಯರು ಮನುಷ್ಯರ ಥರ ಮಾತಾಡಿರೋದು ಅಲ್ಲೊಂದೇ ಕಡೆ. ಬೇರೆ ಕಡೆ ಎಲ್ಲರೂ "ನಾವೀಗ ಬ್ರಹ್ಮಾಂಡದ ಅಂತಿಮ ರಹಸ್ಯವನ್ನು ಭೇದಿಸಲಿದ್ದೇವೆ" ಅಂತ ಭಾಷಣ ಮಾಡ್ತಾರೆ. ಮುದುಕನ ಪಾತ್ರ ನಿಮ್ಮ ತಾತನದ್ದು ಅಂತ ಪತ್ರದಲ್ಲಿ ಬರೆದಿದೀರ, ಓದುವಾಗಲೇ ಗೊತ್ತಾಗುತ್ತೆ.

ಆದ್ರೆ ಆ ಸೀನನ್ನ ನೀವು 2031ರಲ್ಲಿ ಇಟ್ಟಿದೀರ! ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆಮೇಲೆ ನೀರೆತ್ತೋರಿಲ್ಲ, ಒಳಗೆ ನೀರು ತುಂಬ್ಕೊಂಡಿದೆ, ನಿಮ್ಮ ಹೀರೋ ಇಳಿಯೋ ಜಾಗಕ್ಕೆ ಮೀನು ಮಾತ್ರ ಹೋಗಬಹುದು. ಕೋಲಾರ ಜಿಲ್ಲೆ ಓದುಗರು ಇದನ್ನ ಮೊದಲನೇ ಸಾಲಲ್ಲೇ ಹಿಡೀತಾರೆ. ಇನ್ನೊಂದು ಕಡೆ ನ್ಯೂಟ್ರಿನೊ ಅನ್ನೋ ಕಣ ತಗುಲಿ ಹೀರೋ ಕೈ ಸುಟ್ಟೋಗುತ್ತೆ, ಅಯ್ಯೋ ದೇವ್ರೇ, ಈಗ ನೀವು ಇದನ್ನ ಓದ್ತಿರೋವಾಗ್ಲೇ ಸೆಕೆಂಡಿಗೆ ಲಕ್ಷ ಕೋಟಿಗಟ್ಟಲೆ ನ್ಯೂಟ್ರಿನೊ ನಿಮ್ಮ ಮೈ ದಾಟಿ ಹೋಗ್ತಿದಾವೆ, ಏನಾದ್ರೂ ಗೊತ್ತಾಗ್ತಿದೆಯಾ? ಯಾವುದಕ್ಕೂ ತಗುಲದೇ ಹೋಗೋದೇ ಅದರ ಗುಣ, ಅದಕ್ಕೇ ಹಿಡಿಯೋದು ಅಷ್ಟು ಕಷ್ಟ.

ಈಗ ನಿಜವಾಗಿ ಅಲ್ಲಿ ಏನಾಯ್ತು ನೋಡಿ, ನಿಮ್ಮ ಸಾಮ್ರಾಜ್ಯಕ್ಕಿಂತ ಎಷ್ಟು ಚೆನ್ನಾಗಿದೆ ಅಂತ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನೋರು, ಜಪಾನಿನ ಒಸಾಕಾ ಮತ್ತೆ ಇಂಗ್ಲೆಂಡಿನ ಡರ್ಹಮ್ ಯೂನಿವರ್ಸಿಟಿಯೋರು ಸೇರಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ ಗುರುತು ಹಿಡಿದ್ರು, ಜಗತ್ತಲ್ಲೇ ಮೊದಲು ಪ್ರಕಟಿಸಿದೋರಲ್ಲಿ ಅವರು ಸೇರ್ತಾರೆ, ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ತು. ಅಷ್ಟು ಆಳ ಯಾಕೆ ಅಂದ್ರೆ ಮೇಲಿಂದ ಬರೋ ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೀಬೇಕು, ಬಂಡೆ ದಾಟಿ ಬರೋದು ನ್ಯೂಟ್ರಿನೊ ಒಂದೇ ಅಂತ ಖಾತ್ರಿ ಆಗಬೇಕು. ಆಮೇಲೆ 1980ರಲ್ಲಿ ಅದೇ ಗಣಿಯೊಳಗೆ 140 ಟನ್ ಕಬ್ಬಿಣ ಜೋಡಿಸಿ ಪ್ರೋಟಾನ್ ಸಾಯುತ್ತಾ ಅಂತ ನೋಡಕ್ಕೆ ಕೂತ್ರು. ಪ್ರೋಟಾನ್ ಸಾಯೋದು ಅಂದ್ರೆ ನಾವು ನೀವು ಕಲ್ಲು ನೀರು ಎಲ್ಲಾ ಎಂದೋ ಒಂದಿನ ಕರಗಿ ಹೋಗುತ್ತೆ ಅಂತ ಅರ್ಥ. ಕಾದ್ರು. ಒಂದಷ್ಟು ಗುರುತು ಸಿಕ್ತು, ಇದೇ ಇರಬಹುದು ಅಂತ ಬರೆದ್ರು ಕೂಡ. ಆಮೇಲೆ ಜಪಾನು, ಅಮೆರಿಕದಲ್ಲಿ ಇನ್ನೂ ದೊಡ್ಡ ಯಂತ್ರಗಳಲ್ಲಿ ಅದು ಸಿಗಲೇ ಇಲ್ಲ, ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

ಮೇಲೆ ಗಣಿ ನಷ್ಟದಲ್ಲಿ ನಡೀತಿದೆ, ಊರಿಗೆ ಊರೇ ಮುಂದೇನು ಅಂತ ಹೆದರ್ಕೊಂಡಿದೆ, ಯಾವ ಹೊತ್ತಲ್ಲಿ ರಾಕ್ ಬರ್ಸ್ಟ್ ಆಗಿ ಬಂಡೆ ಸಿಡಿಯುತ್ತೋ ಗೊತ್ತಿಲ್ಲ, ಕೆಳಗೆ ಬೆವರು ಸುರಿಸ್ಕೊಂಡು ಇಬ್ಬರು ಮೂವರು ಕಬ್ಬಿಣದ ರಾಶಿ ಪಕ್ಕ ಕೂತು ಜಗತ್ತಿನ ಕೊನೆಗೆ ಸಾಕ್ಷಿ ಹುಡುಕ್ತಿದಾರೆ. ಒಂದು ರೂಮು, ಒಂದು ಕೇಜು, ಮೂರು ಜನ. ಟಿವಿಗೆ ಬರೆಯೋನಿಗೆ ಇದಕ್ಕಿಂತ ಏನ್ರೀ ಬೇಕು?

ಎರಡೂ ಕೆಲಸ ಒಟ್ಟಿಗೆ ಮಾಡೋದರ ಬಗ್ಗೆ ಕೇಳಿದ್ರಲ್ಲ. ಅವೆರಡು ಬೇರೆ ಬೇರೆ ಕಸುಬು. ಜೆರಾಲ್ಡ್ ಟ್ರಿಬಲ್ ಆದ ಮೇಲೆ ಪಟಪಟ ಅಂತ ಕಾದಂಬರಿಗೆ ಬಂದ, 1972ರಲ್ಲಿ ಒಂದು, 1973ರಲ್ಲಿ ಒಂದು, ಎರಡೂ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿ ಹ್ಯೂಗೋದ ನಾಮಿನೇಶನ್ ತನಕ ಹೋದವು. ಟೈಮ್ ಟ್ರಾವೆಲ್ ಮಾಡಿ ತನ್ನನ್ನೇ ತಾನು ಭೇಟಿಯಾಗೋ ಮನುಷ್ಯನ ಕಥೆ ಪುಸ್ತಕದಲ್ಲಿ ಮಾತ್ರ ಹಂಗೆ ಬರೆಯೋಕಾಗೋದು, ಆ ಕಾಲದ ಟಿವಿಯೋರು ಮುಟ್ತಾನೂ ಇರ್ಲಿಲ್ಲ. ಮಧ್ಯೆ ಮಕ್ಕಳ ಸೀರೀಸಿಗೆ ಸ್ಟೋರಿ ಎಡಿಟರ್ ಆಗಿದ್ದ, ಕಾರ್ಟೂನಿಗೂ ಬರೆದ. 1983ರಲ್ಲಿ ಒಂದು ದೊಡ್ಡ ಸರಣಿ ಶುರು ಮಾಡಿದ, ನಾಲ್ಕನೇ ಪುಸ್ತಕ 1993ಕ್ಕೆ ಬಂತು, ಐದನೇದಕ್ಕೆ ಓದುಗರು ಕಾಯ್ತಾನೇ ಇದಾರೆ. ನಿಮ್ಮ ಕಾದಂಬರಿ ಕೊನೇಲಿ "ಮುಂದಿನ ಆರು ಭಾಗಗಳಲ್ಲಿ" ಅಂತ ನೋಡಿದಾಗ ನನಗೆ ನೆನಪಾಗಿದ್ದು ಅದೇ. ಕೊನೆಗೆ ಆತನಿಗೆ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ತಂದುಕೊಟ್ಟಿದ್ದು ತಾನು ದತ್ತು ತಗೊಂಡ ಹುಡುಗನ ಬಗ್ಗೆ ಬರೆದ ಒಂದು ನೀಳ್ಗತೆ. ಅದು 2007ರಲ್ಲಿ ಸಿನಿಮಾ ಆಯ್ತು, ಅದನ್ನ ಬೆಳೆಸಿ ಬರೆದ ಕಾದಂಬರೀಲಿ ಸಲಿಂಗಕಾಮಿಯಾಗಿದ್ದ ತಂದೆಯನ್ನ ಸಿನಿಮಾದೋರು ಹೆಂಡತಿ ಸತ್ತ ಗಂಡಸು ಮಾಡಿದ್ರು. ಸ್ಕ್ರೀನಿಗೆ ಹೋದ್ರೆ ಇದೂ ಆಗುತ್ತೆ, ನಿಮ್ಮ ಮುದುಕನ ತಮಿಳನ್ನೂ ಯಾರೋ ಒಬ್ಬರು ಅಳಿಸ್ತಾರೆ, ಅದಕ್ಕೆ ಈಗಿಂದ್ಲೇ ರೆಡಿ ಇರಿ.

ಗೇಮ್ ಆಫ್ ಥ್ರೋನ್ಸ್ ಬರೆದ ಜಾರ್ಜ್ ಮಾರ್ಟಿನ್ ಉಲ್ಟಾ ದಾರಿ. 1983ರಲ್ಲಿ ಬಂದ ಕಾದಂಬರಿ ಮಾರ್ಕೆಟಲ್ಲಿ ಮಲಗಿಬಿಡ್ತು, ಹೊಟ್ಟೆಪಾಡಿಗೆ ಟಿವಿಗೆ ಹೋದ್ರು, ವರ್ಷಗಟ್ಟಲೆ ಅಲ್ಲಿ ಸ್ಕ್ರಿಪ್ಟ್ ಉದ್ದ ಆಯ್ತು, ಬಜೆಟ್ ಜಾಸ್ತಿ ಆಯ್ತು, ಕತ್ತರಿಸು ಅನ್ನಿಸ್ಕೊಂಡು ಅನ್ನಿಸ್ಕೊಂಡು ಸಾಕಾಗಿ, ಬಜೆಟ್ ಲೆಕ್ಕ ಇಲ್ದೇ ಬರೀತೀನಿ ಅಂತ ಆ ದೊಡ್ಡ ಕಾದಂಬರಿ ಹಿಡಿದ್ರು, 1996ಕ್ಕೆ ಹೊರಗೆ ಬಂತು. ಆದ್ರೆ ಅದರ ಒಂದೊಂದು ಅಧ್ಯಾಯ ಮುಗಿಯೋ ರೀತಿ ನೋಡಿ, ಬ್ರೇಕಿಗೆ ಮುಂಚೆ ಎಪಿಸೋಡ್ ನಿಲ್ಸೋ ಕೈಚಳಕ ಅದು. ಅವರೇ ಹುರಿದುಂಬಿಸಿ ಟಿವಿಗೆ ಬರೆಸಿದ ಮೆಲಿಂಡಾ ಸ್ನಾಡ್‌ಗ್ರಾಸ್ ಕೂಡ ಕಾದಂಬರಿಕಾರ್ತಿ, ಅದಕ್ಕೂ ಮುಂಚೆ ಲಾಯರ್ರು. ರೋಬೋ ಅನ್ನೋದು ವಸ್ತುವಾ ವ್ಯಕ್ತಿಯಾ ಅಂತ ಕೋರ್ಟಲ್ಲಿ ವಾದ ಮಾಡೋ ಒಂದೇ ಸ್ಕ್ರಿಪ್ಟಿಂದ ಸ್ಟಾರ್ ಟ್ರೆಕ್ ಒಳಗೆ ಹೋದ್ರು, 1989ರಲ್ಲಿ ಅದು ಪ್ರಸಾರ ಆಯ್ತು. ನಮ್ಮಲ್ಲೇ ಟಿ.ಎನ್. ಸೀತಾರಾಮ್ ಅವರ ಸೀರಿಯಲ್ಲಿನ ಕೋರ್ಟ್ ಸೀನಿಗೆ ಜನ ಕಾಯ್ತಿದ್ದಿದ್ದು ಗೊತ್ತಲ್ಲ, ಅವರೂ ವಕೀಲಿಕೆ ಮಾಡಿದೋರೇ. ನಿಮಗೆ ಗೊತ್ತಿರೋದು ಅಸೆಂಬ್ಲಿ ಲೈನು, ಶಿಫ್ಟ್ ಸೈರನ್ನು, ತಾತನ ಗಣಿ. 412 ಪುಟದಲ್ಲಿ ಫ್ಯಾಕ್ಟರಿ ಒಂದು ಸಾಲೂ ಇಲ್ಲ.

ಕನ್ನಡ ಟಿವಿ ಬಗ್ಗೆ ಆಸೆ ಹುಟ್ಟಿಸಿ ಮೋಸ ಮಾಡಲ್ಲ. ಇಲ್ಲಿ ದಿನಾ ಒಂದು ಎಪಿಸೋಡು, ಕಥೆ ಒಬ್ಬರು, ಚಿತ್ರಕಥೆ ಇನ್ನೊಬ್ಬರು, ಸಂಭಾಷಣೆ ಮತ್ತೊಬ್ಬರು, ಗುರುವಾರ ಟಿಆರ್‌ಪಿ ಬಂದ ಮೇಲೆ ಕಥೇನೇ ತಿರುಗುತ್ತೆ. ಸೈನ್ಸ್ ಫಿಕ್ಷನ್‌ಗೆ ಜಾಗ ಇಲ್ಲ ಅಂತಾನೇ ಇಟ್ಕೊಳ್ಳಿ. ಆದ್ರೆ ಸಂಭಾಷಣೆ ಬರೆಯೋ ಕೆಲಸ ಸಿಕ್ಕಿದ್ರೆ ಬೇಡ ಅನ್ನಬೇಡಿ, ನಿಮ್ಮ ಪಾತ್ರಗಳ ಭಾಷಣ ನಿಲ್ಸಕ್ಕೆ ಅದಕ್ಕಿಂತ ಒಳ್ಳೆ ಔಷಧಿ ಇಲ್ಲ.

ಈಗ ನನಗೆ ಬೇಕಾಗಿರೋದು. ಆ ಕೇಜ್ ಸೀನನ್ನ 1982ಕ್ಕೆ ತಗೊಂಡು ಹೋಗಿ ಕಥೆ ಮಾಡಿ, ಮೂರು ಸಾವಿರ ಪದ ದಾಟಬಾರದು. ಹೀರೋನ ತೆಗೆದುಬಿಡಿ, ಅವನು ಅಲ್ಲಿ ಏನೂ ಮಾಡ್ತಿಲ್ಲ, ಮುದುಕ ಮತ್ತೆ ಹುಡುಗಿ ಸಾಕು. ನಕ್ಷತ್ರದ ಸಿಗ್ನಲ್ ಬೇಡ. ಯಂತ್ರದಲ್ಲಿ ಒಂದು ಗುರುತು ಬಂದಿದೆ, ಅದು ನಿಜಾನೋ ಸುಳ್ಳೋ ಗೊತ್ತಿಲ್ಲ, ಹುಡುಗಿ ಅದನ್ನ ಮೇಲೆ ಹೋಗಿ ಹೇಳಬೇಕು, ಕೇಜ್ ನಿಂತಿದೆ. ಇಷ್ಟು ಇಟ್ಕೊಂಡು ಬರೀರಿ. ಕಥೆ ಚೆನ್ನಾಗಿ ಬಂದ್ರೆ ಅದನ್ನೇ ಅರ್ಧ ಗಂಟೆ ಸ್ಕ್ರಿಪ್ಟ್ ಮಾಡಿ, ಬೆಂಗಳೂರಲ್ಲಿ ಶಾರ್ಟ್ ಫಿಲ್ಮ್ ಮಾಡೋ ಹುಡುಗರಿಗೆ ಕೊಡಬಹುದು. ಯೂನಿಕೋಡಲ್ಲಿ ಕಳಿಸಿ. ಗೌರವಧನ ಜಾಸ್ತಿ ಇರಲ್ಲ, ಆದ್ರೆ ಕೊಡ್ತೀವಿ.

ಬರೆಯೋಕೆ ಮುಂಚೆ ತಾತನ ಜೊತೆ ಅಂಡರ್‌ಗ್ರೌಂಡ್ ಕೆಲಸ ಮಾಡಿದೋರು ಯಾರಾದ್ರೂ ಇದ್ರೆ ಹೋಗಿ ಕೂತ್ಕೊಂಡು ಮಾತಾಡಿ. ಒಂದೇ ಕೇಜಲ್ಲಿ ಅಷ್ಟು ಆಳ ಇಳೀತಿದ್ರಾ, ಮಧ್ಯ ಇಳಿದು ಬೇರೆ ಹತ್ತಬೇಕಿತ್ತಾ, ಕೇಜ್ ನಿಂತ್ರೆ ಮೇಲಿನೋರಿಗೆ ಹೆಂಗೆ ತಿಳಿಸ್ತಿದ್ರು, ಇವೆಲ್ಲ ಕೇಳ್ಕೊಳ್ಳಿ. ಟೋಪಿ ಲೈಟಿನ ಬ್ಯಾಟರಿ ಎಷ್ಟು ಹೊತ್ತು ಬರ್ತಿತ್ತು ಅಂತಾನೂ ಕೇಳಿ, ನಿಮ್ಮ ಸೀನಲ್ಲಿ ಅದು ಎರಡು ದಿನ ಉರೀತಾ ಇದೆ.